ಎರಡೂವರೆ ಪಟ್ಟು

ಟಾಂಪೆರೆಯಲ್ಲಿ ಮಾರ್ಚ್ ತಿಂಗಳು. ಸರೋವರ ಇನ್ನೂ ಬಿಳಿ.
ಕಿಟಕಿಯಾಚೆ ರೋಲರ್ ಕೋಸ್ಟರಿನ ಹಳಿ
ಹೆಗಲ ಮೇಲೆ ಹಿಮ ಹೊತ್ತು ನಿಂತಿದೆ, ಬೇಸಿಗೆಯವರೆಗೂ ರಜೆ.

ಒಳಗೆ ಹದಿನೇಳು ಮಕ್ಕಳು.
ನೀರಿನ ಕೊಳವೆ ಹೆಪ್ಪುಗಟ್ಟದಿರಲೆಂದು ಸುತ್ತುವ ಬೂದು ಸ್ಪಂಜನ್ನು
ಉದ್ದಕ್ಕೆ ಸೀಳಿ, ಟೇಪು ಹಚ್ಚಿ,
ಬೀರುವಿನ ಪಕ್ಕದಿಂದ ನೆಲಕ್ಕಿಳಿಸಿದ್ದಾರೆ.
ನಡುವೆ ಒಂದು ಕುಣಿಕೆ.
ಗಾಡಿ ಅಂದರೆ ಗಾಜಿನ ಗೋಲಿ.

"ತ್ರಿಜ್ಯದ ಎರಡೂವರೆ ಪಟ್ಟು ಎತ್ತರ ಸಾಕು"
ಅಂತ ಬೋರ್ಡಿನಲ್ಲಿ ಬರೆದವಳು ನಾನೇ.
ಒತ್ಸೊ ಅಳೆದ. ಬಿಟ್ಟ.
ಗೋಲಿ ಇಳಿಯಿತು, ಏರಿತು,
ನೆತ್ತಿಗೆ ಇನ್ನೊಂದು ಬೆರಳು ಅನ್ನುವಾಗ
ಹಳಿಯ ಕೈ ಬಿಟ್ಟು, ಟಣ್ ಟಣ್,
ರೇಡಿಯೇಟರಿನ ಕೆಳಗೆ ಹೋಗಿ ಕೂತಿತು.
ಏಳು ಸಲ. ಏಳು ಗೋಲಿ.

"ಪುಸ್ತಕ ಸುಳ್ಳು," ಅಂದ.
ಸುಳ್ಳಲ್ಲ. ಪುಸ್ತಕದ ಗೋಲಿ ಬರೀ ಜಾರುತ್ತದೆ,
ನಿನ್ನದು ಉರುಳುತ್ತದೆ.
ತನ್ನ ಸುತ್ತ ತಾನು ತಿರುಗುವುದಕ್ಕೂ ಕೂಲಿ ಕೊಡಬೇಕು,
ಅದೇ ಎತ್ತರದ ಗಂಟಿನಿಂದ.
ಸ್ಪಂಜು ಬೇರೆ ದಾರಿಯುದ್ದಕ್ಕೂ ಸುಂಕ ವಸೂಲು ಮಾಡುತ್ತದೆ.
ಹುಡುಗ ಪಟ್ಟು ಬಿಡಲಿಲ್ಲ. ಮೇಜಿನ ಮೇಲೆ ಕುರ್ಚಿ ಇಟ್ಟ.

ಅಷ್ಟರಲ್ಲಿ ಪಿಹ್ಲಾ ಕೇಳಿದಳು,
"ತಿರುವಿನಲ್ಲಿ ನಮ್ಮನ್ನು ಹೊರಗೆ ತಳ್ಳುವುದು ಯಾರು?"
ಬಾಯಿ ತೆರೆದೆ. ಸೂತ್ರದ ಬದಲು ಅಪ್ಪ ಬಂದ.

ಹೆಲ್ಸಿಂಕಿಯ ಮರದ ಹಳಿಯಲ್ಲಿ
ಇಪ್ಪತ್ತಾರು ಬೇಸಿಗೆ ಬ್ರೇಕು ಹಿಡಿದವನು.
ಎಂಟು ವರ್ಷದವಳು ನಾನು, ಅವನ ಮುಂದಿನ ಸಾಲಿನಲ್ಲಿ,
ತಿರುವು ಬಂತು, ಭುಜ ಹಲಗೆಗೆ ಬಡಿಯಿತು.
"ಗಾಡಿ ನನ್ನ ತಳ್ಳಿಬಿಡ್ತು" ಅಂತ ಅತ್ತೆ.
ಅಪ್ಪ ಎಣ್ಣೆಗೈ ಒರೆಸಿಕೊಳ್ಳುತ್ತ ಹೇಳಿದ್ದ:
"ಯಾರೂ ತಳ್ಳಲಿಲ್ಲ ಮಗಳೇ.
ನೀನು ನೆಟ್ಟಗೆ ಸಮುದ್ರಕ್ಕೆ ಹೊರಟಿದ್ದೆ.
ಹಲಗೆ ಅಡ್ಡ ನಿಂತು ನಿನ್ನನ್ನು ಒಳಗೆ ತಂದಿತು."
ಆರನೆಯ ತರಗತಿ ದಾಟದವನು.
ಆ ನೀಲಿ ಕಲೆ ಎರಡು ವಾರ ಇತ್ತು.

ಪಿಹ್ಲಾ ಸುಮ್ಮನೆ ಕಂಪಾಸನ್ನು ಪೆಟ್ಟಿಗೆಗೆ ಹಾಕಿದಳು.
ದುಂಡಗಿನ ಕುಣಿಕೆಯನ್ನು ಬಿಚ್ಚಿ,
ಬುಡ ಅಗಲ, ನೆತ್ತಿ ಕಿರಿದು,
ನಲ್ಲಿಯ ತುದಿಯಲ್ಲಿ ತೂಗುವ ಹನಿಯ ಹಾಗೆ ಕಟ್ಟಿದಳು.
ಕೆಳಗೆ ಕತ್ತು ಮುರಿಯಬಾರದು, ಮೇಲೆ ಕೈ ಬಿಡಬಾರದು,
ಅಷ್ಟೇ ಅವಳ ಲೆಕ್ಕ.

ಎಂಟನೆಯ ಗೋಲಿ. ಕುರ್ಚಿಯ ಮೇಲಿಂದ.
ನೆತ್ತಿಯಲ್ಲಿ, ಆಣೆ ಮಾಡಿ ಹೇಳುತ್ತೇನೆ,
ಹಳಿ ಅದನ್ನು ಮುಟ್ಟಿದ್ದು ಸುಮ್ಮನೆ ಹೆಸರಿಗೆ.
ತಿರುಗಿಸಿದ್ದೆಲ್ಲ ಭೂಮಿಯೇ.
ಆಮೇಲೆ ಇಳಿದು, ಓಡಿ, ಅದೂ ರೇಡಿಯೇಟರಿನ ಕೆಳಗೆ.

ಎಲ್ಲರೂ ಕೂಗಿದರು. ಒತ್ಸೊ ಕೂಗಲಿಲ್ಲ.
ಮಂಡಿಯೂರಿ, ಸ್ಕೇಲು ಹಾಕಿ ಗೋಲಿಗಳನ್ನು ಎಳೆದ.
ಎಂಟು ಇರಬೇಕಿತ್ತು, ಒಂಬತ್ತು ಬಂದವು.
ಒಂದು ಹಸಿರು, ಧೂಳು ಮೆತ್ತಿದ್ದು,
ಯಾವ ವರ್ಷದ ಮಗುವಿನದೋ.
"ಇದನ್ನೂ ಬಿಡಲಾ?" ಅಂದ.