ಹಿಂದಿನ ಮುಚ್ಚಳ

ಮಂಡಿಪೇಟೆ ತಿರುವಿನಲ್ಲಿ ಮೂರಡಿ ಅಂಗಡಿ,
ಒಂದು ಕಣ್ಣು ಮಸೂರಕ್ಕೆ, ಇನ್ನೊಂದು ಗಿರಾಕಿಗೆ.
ಪಕ್ಕದ ಮೊಬೈಲ್ ಅಂಗಡಿಯ ಮುದಸ್ಸಿರ್
ವ್ಯಾಪಾರವಿಲ್ಲದ ಮಧ್ಯಾಹ್ನ ಸಿನಿಮಾ ಕತೆ ಹೇಳುತ್ತಾನೆ.

"ಈ ತುಮಕೂರು, ಈ ಬಿಸಿಲು, ಅಮಾನಿಕೆರೆ, ಎಲ್ಲಾ ಸುಳ್ಳು ಅಣ್ಣ.
ಮಾಡಿದವನು ಮಾಲೀಕನೇ ಅಲ್ಲ.
ಯಾರೋ ಕೆಳಗಿನ ಕೆಲಸದವನು,
ಮೇಲಿನವರು ಕಣ್ಣಿಗೆ ಬೀಳದೆ
ತಾನೇ ದೇವರು ಅಂದುಕೊಂಡು ಜೋಡಿಸಿದ್ದು.
ಅದಕ್ಕೇ ಎಲ್ಲಾ ಒಂಚೂರು ಸೊಟ್ಟ.
ನಮ್ಮೊಳಗಿನ ಕಿಡಿ ಮಾತ್ರ ಅವನದ್ದಲ್ಲ,
ಮೇಲಿಂದ ಬಿದ್ದು ಸಿಕ್ಕಿಕೊಂಡದ್ದು.
ಹೀರೋಗೆ ಗೊತ್ತಾಗುತ್ತೆ. ಆಕಾಶ ಹರಿದು ಆಚೆ ಹೋಗ್ತಾನೆ."

ಆಚೆ ಗಂಟೆ ಎಷ್ಟಾಗಿತ್ತು? ಅಂದೆ.
"ಅಲ್ಲಿಗೆ ಸಿನಿಮಾ ಮುಗೀತು."

ನನಗೆ ಗೊತ್ತಿರುವುದು ಇಷ್ಟು:
ನಮ್ಮೂರ ಕಾರ್ಖಾನೆ ಬಾಗಿಲು ಹಾಕಿದ ಮೇಲೂ
ಅದರ ವಾಚುಗಳು ನನ್ನ ಬಳಿ ಬರುತ್ತವೆ,
ತೀರಿಕೊಂಡವರ ಮಣಿಕಟ್ಟಿನ ಬೆವರು ಹೊತ್ತು.
ಹಿಂದಿನ ಮುಚ್ಚಳ ತೆಗೆದರೆ ಕೆಲವದರಲ್ಲಿ
ಕೀ ಚಕ್ರದ ಅಂಚಿಗೆ ಸಾಸಿವೆಯಷ್ಟು ತುಕ್ಕು.
ನೀರು ಹೊಕ್ಕ ಗುರುತಿಲ್ಲ. ರಬ್ಬರ್ ಬಳೆ ಗಟ್ಟಿ.
ಜೋಡಿಸಿದವರನ್ನು ಬೈಯುತ್ತ
ಇಪ್ಪತ್ತೆಂಟು ವರ್ಷ ಪೆಟ್ರೋಲು ಹಾಕಿ ಉಜ್ಜಿದ್ದೇನೆ.

ಹೋದ ಗುರುವಾರ ಓಬಳಮ್ಮ ಬಂದಿದ್ದರು,
ಜೋಡಣೆ ಸಾಲಿನಲ್ಲಿ ಹತ್ತೊಂಬತ್ತು ವರ್ಷ ಕೂತವರು,
ಈಗ ಸೂಜಿಗೆ ದಾರ ಪೋಣಿಸಲಾರರು.
ತುಕ್ಕು ತೋರಿಸಿದೆ. ಮಸೂರ ಇಸಿದುಕೊಂಡು ನೋಡಿದರು,
ನಕ್ಕರು, ಸೆರಗಿನಿಂದ ಬಾಯಿ ಮುಚ್ಚಿ,
ಇನ್ನೂ ಸೂಪರ್‌ವೈಸರ್ ಹಿಂದೆ ನಿಂತಿರುವ ಹಾಗೆ.

"ಮುಚ್ಚೋ ಮುಂಚೆ ಉಸಿರು ತಾಗಿಸಬಾರದು ಅಂತ ಬೋರ್ಡಿತ್ತು.
ದಿನಕ್ಕೆ ನಾನೂರು ಮುಚ್ಚಳ.
ಅದರಲ್ಲಿ ಒಂದಕ್ಕೆ, ಯಾವುದಾದರೂ ಒಂದಕ್ಕೆ,
ಹಾ ಅಂತ ಊದಿ ಮುಚ್ಚಿಬಿಡ್ತಿದ್ದೆ.
ಯಾಕೆ ಅಂತ ಕೇಳಬೇಡಿ.
ಇಷ್ಟು ಹೊತ್ತಿಗೆ ಯಾರ ಕೈಮೇಲೋ ಇರ್ತೀನಿ
ಅಂತ ಊಟದ ಹೊತ್ತಲ್ಲಿ ಅನ್ನಿಸೋದು."

ಮುದಸ್ಸಿರ್, ನಿನ್ನ ಕಿಡಿ ಹೊಳೆಯುತ್ತದೆ ಅಂದಿದ್ದೆ.
ಇದು ಕೆಂಪಗೆ, ಕೆರೆದರೆ ಪುಡಿ,
ದಿನಕ್ಕೆ ಹನ್ನೊಂದು ಸೆಕೆಂಡು ನಿಧಾನ.

ಸಂಜೆ ಇನ್ನೊಂದು ಬಂತು.
ಮುಚ್ಚಳ ಬಿಡುವಾಗ ಮುಖ ಹತ್ತಿರ ಒಯ್ದೆ,
ಎಣ್ಣೆ ವಾಸನೆ, ಅಷ್ಟೆ. ತುಕ್ಕು ಅಲ್ಲೇ ಇತ್ತು.
ಬ್ರಷ್ ಅದ್ದಿ ಹಿಡಿದೇ ಕೂತಿದ್ದೆ,
ಪೆಟ್ರೋಲು ಆರುವವರೆಗೂ.
"ಏನ್ ಸ್ವಾಮಿ, ಕೆಟ್ಟೋಗಿದೆಯಾ?" ಗಿರಾಕಿ ಬಗ್ಗಿದ.

ಇಲ್ಲ, ಒಂಚೂರು ನಿಧಾನ ಹೋಗುತ್ತೆ ಅಂದೆ,
ಹೋಗಲಿ ಬಿಡಿ.