ಸಿಲಿಕಾ ಜೆಲ್

ಅಕ್ಕಿಗೆ ಹುಳು ಬಿದ್ದರೂ ಸರಿ,
ಸಾಲಗಾಮೆ ರಸ್ತೆಯ ನಮ್ಮ ಮನೆಯಲ್ಲಿ
ಹಾಸನದ ಥಂಡಿಗೆ ಲೆನ್ಸು ಬೂಷ್ಟು ಹಿಡಿಯಬಾರದು.
ನೀಲಿ ಹರಳು ಗುಲಾಬಿಗೆ ತಿರುಗಿದರೆ
ಬಾಣಲೆಯಲ್ಲಿ ಹುರಿಯುತ್ತೇನೆ, ಸಣ್ಣ ಉರಿ.
‘ಒಗ್ಗರಣೆ ಬೇಡವಾ?’ ಅನ್ನುತ್ತಾಳೆ ಹೇಮಲತ.

ಹೊಸದು ಬಂದ ದಿನ
ಪಕ್ಕದವರ ಇಟ್ಟಿಗೆ ಗೋಡೆಯ ಫೋಟೋ ತೆಗೆದೆ.
ಹಿಗ್ಗಿಸಿ ನೋಡಿದೆ: ನಾಲ್ಕು ಮೂಲೆಯೂ ಚೂಪು.
ಹೋದ ಸಲದ್ದೂ ಇದೇ ಗೋಡೆ, ಅದರ ಹಿಂದಿನದೂ.
ಗಾರೆ ಉದುರಿದ್ದರ ಪೂರ್ತಿ ಲೆಕ್ಕ ನನ್ನಲ್ಲಿದೆ.

ತಾಲ್ಲೂಕು ಕಚೇರಿ ಎದುರು ಮುನೀರನದು
ಒಂದೇ ಕ್ಯಾಮೆರಾ, ಗೀರು ಬಿದ್ದ ಗಾಜು.
ಪಿಂಚಣಿ ಅರ್ಜಿಗೆಂದು ಕೂತ ಅಜ್ಜಿ
ಕಲ್ಲಾಗಿದ್ದಳು.
‘ಏನಜ್ಜಿ, ಆಲೂಗೆಡ್ಡೆ ಮೂಟೆಗೆ ಎಷ್ಟು ಕೊಟ್ಟ ದಲ್ಲಾಳಿ?’
ಬೈಗುಳ ಬಾಯಿಗೆ ಬರುವ ಮೊದಲು
ಕಣ್ಣಿಗೆ ಬಂತು.
ಟಕ್.

ಯಾವ ಲೆನ್ಸು, ಕೇಳಿದೆ.
‘ಯಾರಿಗ್ಗೊತ್ತು ಸಾರ್? ಇದರ ಜೊತೆ ಬಂದಿದ್ದು.
ಮುಚ್ಚಳ ಕಳೆದೇ ಆರು ವರ್ಷ.’

ರಾತ್ರಿ ಕರೆಂಟು ಹೋಗಿತ್ತು.
ಹಾಲು ಉಕ್ಕುವುದನ್ನೇ ಕಾಯುತ್ತ ಹೇಮಲತ,
ಒಲೆಯ ನೀಲಿ ಅವಳ ಕೆನ್ನೆಗೆ, ಮೂಗುತಿಗೆ.
ಓಡಿದೆ. ಬೀಗದ ಕೈ ಹುಡುಕಿದೆ.
ಮೂವತ್ತೈದೋ, ಐವತ್ತೋ, ಎಂಬತ್ತೈದೋ,
ನಾನು ಲೆನ್ಸು ಆರಿಸುವಷ್ಟರಲ್ಲಿ
ಅವಳು ಒಲೆ ಆರಿಸಿದ್ದಳು.