ಟೇಪು

ಇಪ್ಪತ್ತೆರಡು ವರ್ಷದಿಂದ ಈ ಊರಿನ ಸೊಂಟಗಳೆಲ್ಲ
ನನ್ನ ಲೆಕ್ಕದ ಪುಸ್ತಕದಲ್ಲಿವೆ.
ಪೇಸ್ಲಿ: ನಮ್ಮ ಕಡೆಯ ಮಾವಿನಕಾಯಿ ಬುಟ್ಟಾವನ್ನು
ತನ್ನ ಮಗ್ಗದಲ್ಲಿ ನೇಯ್ದು
ಅದಕ್ಕೆ ತನ್ನದೇ ಹೆಸರಿಟ್ಟ ಊರು.
ಹೆಸರಿಡುವುದು ಇವರಿಗೆ ಹೊಸತಲ್ಲ.

ಇವತ್ತು ಟೇಪು ಬೇರೆಯವರ ಕೈಯಲ್ಲಿತ್ತು.
ನರ್ಸ್ ಮೊರಾಗ್, ತಣ್ಣನೆ ಬೆರಳು,
"ಹೊಟ್ಟೆ ಒಳಗೆಳೆಯಬೇಡಿ, ಮಿಸೆಸ್ ನದಾಫ್" ಅಂದಳು.
ನಗು ಬಂತು. ಅದು ನನ್ನ ಮಾತು,
ಪರದೆಯ ಹಿಂದೆ ನಿಂತವರಿಗೆ ದಿನಕ್ಕೆ ಹತ್ತು ಸಲ
ನಾನು ಹೇಳುವ ಮಾತು.
ಹೊಟ್ಟೆ ಸುಳ್ಳಾಡಿದರೆ ಜಿಪ್ಪು ಚಾಡಿ ಹೇಳುತ್ತದೆ.

ಸೊಂಟವೆಂದರೆ ನನಗೆ ಲಂಗದ ಲಾಡಿ ಕಟ್ಟುವ ಜಾಗ.
ಅವಳಿಗೆ, ಕಡೆಯ ಪಕ್ಕೆಲುಬಿಗೂ ಚಪ್ಪೆಮೂಳೆಗೂ
ನಟ್ಟನಡುವೆ.
ತೊಂಬತ್ತೆರಡು.
ಎತ್ತರ ನೂರೈವತ್ತನಾಲ್ಕು, ಅರ್ಧಕ್ಕೆ ಮಡಚಿದರೆ ಎಪ್ಪತ್ತೇಳು;
ಟೇಪು ಅಲ್ಲಿಗೇ ಸುತ್ತು ಮುಗಿಸಬೇಕಿತ್ತು.
ಹದಿನೈದು ಹೆಚ್ಚು. ಮೂರು ನೆರಿಗೆಯ ಬಟ್ಟೆ,
ಎಂದಿತು ಹಾಳು ಕಸುಬಿನ ಮನಸ್ಸು.

ಆಮೇಲೆ ತೂಕ, ಎತ್ತರದಿಂದ ಎರಡು ಸಲ ಭಾಗಿಸಿ,
ಇಪ್ಪತ್ತೆಂಟು ಪಾಯಿಂಟ್ ಎರಡು.
"ನನಗಾದರೆ ಮೂವತ್ತರವರೆಗೆ ಈ ಹೆಸರಿಲ್ಲ.
ನಿಮ್ಮ ಕಡೆಯವರಿಗೆ ಇಪ್ಪತ್ತೇಳೂವರೆಗೇ ಶುರು."
ಗೆರೆ ತಾನೇ ಎಳೆದವಳಂತೆ ಕೆಂಪಾದಳು.
ಪಾಪ. ನಾನೇ ಸಮಾಧಾನ ಹೇಳಿದೆ:
ಒಂದೇ ನಂಬರಿನ ಸಾಕೆಟಿಗೆ
ಎರಡು ಅಂಗಡಿಯಲ್ಲಿ ಎರಡು ಅಳತೆ, ಇರುತ್ತಮ್ಮ.

ಗದಗಿನಲ್ಲಿ ಅಪ್ಪ ಹತ್ತಿ ಹಿಂಜುತ್ತಿದ್ದ.
ಬಿಲ್ಲು ಟಂಯ್ ಅಂದರೆ ಮುಷ್ಟಿ ಹತ್ತಿ ಮೂಲೆ ತುಂಬುತ್ತಿತ್ತು.
"ಗಾತ್ರ ನೋಡಿ ಹೆದರಬ್ಯಾಡವ್ವಾ, ತೂಕ ಅಷ್ಟ ಐತಿ.
ತೂಕ ನೋಡಿನೂ ನಂಬಬ್ಯಾಡ.
ಒಳಗ ಹಸಿ ಐತೇನ, ಕೈ ಹಾಕಿ ನೋಡು."

ಡೇವಿ ಮೆಕ್‌ಗ್ಲೋನ್ ಹಡಗುಕಟ್ಟೆಯಲ್ಲಿ ಕಬ್ಬಿಣ ಎತ್ತಿದವನು.
ಅವನ ಅಂಕಿ ಮೂವತ್ತೊಂದಂತೆ, ಕಾಗದ ತೋರಿಸಿ ಬೈದಿದ್ದ.
ಆದರೆ ಅವನ ಕಿಲ್ಟಿನ ಬಕ್ಕಲ್ಲು
ನಾನು ಕಂಡಾಗಿನಿಂದ ಅದೇ ತೂತಿನಲ್ಲಿದೆ.
ಒಣ ಹತ್ತಿ.

ನನ್ನೊಳಗೆ ಕೈ ಹಾಕಿ ನೋಡಿದರು.
ಸಕ್ಕರೆ, ಗಡಿಯಲ್ಲಿ. ರಕ್ತದೊತ್ತಡ, ಗಡಿಯಾಚೆ.
ಮೆಟ್ಟಿಲು ಹತ್ತಿದರೆ?
ಮಧ್ಯದಲ್ಲೊಮ್ಮೆ ನಿಂತು ಕಿಟಕಿ ನೋಡುತ್ತೇನೆ,
ಹೊರಗೆ ನೋಡುವಂಥದ್ದೇನೂ ಇಲ್ಲದಿದ್ದರೂ.
ಮಂಡಿ? ಹೊಲಿಗೆ ಯಂತ್ರದ ಪೆಡಲ್ಲನ್ನೇ ಕೇಳಿ.
ರಾತ್ರಿ ಗೊರಕೆಯ ನಡುವೆ ಉಸಿರು ನಿಲ್ಲುತ್ತದೆಯೇ?
ಹುಸೇನಸಾಬ್ ಹೋಗಿ ಆರು ವರ್ಷ.
ಸಾಕ್ಷಿ ಇಲ್ಲ.

ಡಾಕ್ಟರ್ ಫಿನ್ಲೇಸನ್ ಕುರ್ಚಿಯನ್ನು ನನ್ನ ಕಡೆ ತಿರುಗಿಸಿದರು.
"ಇದು ತಪ್ಪಲ್ಲ, ಕಾಯಿಲೆ. ದೀರ್ಘಕಾಲದ್ದು.
ಇಳಿಸಿದರೂ ಮೈ ತನ್ನ ಹಳೆಯ ಅಳತೆಯನ್ನು
ಮತ್ತೆ ಮತ್ತೆ ಹುಡುಕಿಕೊಂಡು ಹೋಗುತ್ತದೆ.
ಜೊತೆಗಿದ್ದು ನೋಡಿಕೊಳ್ಳಬೇಕು, ಅಷ್ಟೇ."

ಅಷ್ಟೇ.
ಮೂವತ್ತು ವರ್ಷ "ಬಾಯಿ ಕಟ್ಟು, ಬಾಯಿ ಕಟ್ಟು" ಎಂದ
ಅತ್ತೆ, ನಾದಿನಿ, ಫೋನಿನೊಳಗಿನ ಅಕ್ಕ;
ಅವರ ಬಾಯಿ ಯಾರು ಕಟ್ಟಿದರು?
ಕಾಯಿಲೆ ಎಂಬ ಮಾತು ಎದೆಯಿಂದ ಒಂದು ಮೂಟೆ ಇಳಿಸಿತು,
ಇಳಿಸಿದ್ದನ್ನು ತಿರುಗಿ ಹೆಗಲ ಮೇಲಿಟ್ಟಿತು.
ತಪ್ಪಾಗಿದ್ದರೆ ತಿದ್ದಿಕೊಳ್ಳಬಹುದಿತ್ತಲ್ಲ
ಎಂದು ಒಂದು ಕ್ಷಣ, ಸುಳ್ಳೇಕೆ, ಅದಕ್ಕೂ ಆಸೆಪಟ್ಟೆ.

ಕಂಪ್ಯೂಟರಿನಲ್ಲಿ ಮೊರಾಗ್ ಏನನ್ನೋ ಒತ್ತಿದಳು.
ಇನ್ನು ಆ ಹೆಸರು ನನ್ನ ಹೆಸರಿನ ಕೆಳಗೆ,
ನಾನು ಯಾವ ಆಸ್ಪತ್ರೆಗೆ ಹೋದರೂ ನನಗಿಂತ ಮೊದಲು.
ಮೂರು ತಿಂಗಳ ಮೇಲೆ ಬರಬೇಕಂತೆ.

ಅಂಗಡಿಗೆ ಬಂದು ಬಾಗಿಲು ತೆಗೆಯದೆ
ಲೆಕ್ಕದ ಪುಸ್ತಕ ತೆಗೆದೆ.
ಊರಿನವರೆಲ್ಲ ಇದ್ದಾರೆ, ಸತ್ತವರೂ ಇದ್ದಾರೆ, ನಾನಿರಲಿಲ್ಲ.
ಖಾಜಾಬಿ. ಸೊಂಟ 92.
ಪೆನ್ಸಿಲಿನಲ್ಲಿ ಬರೆದೆ;
ಅಳತೆಗಳನ್ನು ಯಾವತ್ತೂ ಪೆನ್ಸಿಲಿನಲ್ಲೇ ಬರೆಯುವುದು.

ಆಮೇಲೆ ನನ್ನ ಕಮೀಜಿನ ಪಕ್ಕದ ಹೊಲಿಗೆ ತಿರುವಿ ನೋಡಿದೆ:
ಒಳಗೆ ಒಂದಿಂಚು ಬಟ್ಟೆ ಬಿಟ್ಟಿದ್ದೆ.
ಯಾವಾಗ ಬಿಟ್ಟೆನೋ, ಯಾರಿಗೆಂದೋ.

ಗಾಜಿನಾಚೆ ಯಾರೋ ಹುಡುಗಿ, ಕೈಯಲ್ಲಿ ಹರಿದ ಜಿಪ್ಪು,
ಬಾಗಿಲು ಬಡಿಯುತ್ತಿದ್ದಾಳೆ.